ನೂರು ಮೀಟರಿನ ಒಳಗೆ, ನೂರು ಮೀಟರಿನ ಹೊರಗೆ

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ ಗುಡಿಯೊಂದಿದೆ. ಹೆಸರು ಪಂಚಲಿಂಗೇಶ್ವರ, ಹದಿಮೂರನೆಯ ಶತಮಾನದ್ದು. ಒಂದೇ ಸಾಲಿನಲ್ಲಿ ಐದು ಗರ್ಭಗುಡಿ, ಐದಕ್ಕೂ ಬೇರೆ ಬೇರೆ ಶಿಖರ, ಐದಕ್ಕೂ ಸೇರಿದಂತೆ ಮುಂದೆ ಉದ್ದನೆಯ ಒಂದು ಕಂಬಸಾಲೆ. ಬೆಂಗಳೂರಿನಲ್ಲಿ ಫ್ಲಾಟು ಮಾಡಿಕೊಂಡಿರುವ ನಮ್ಮ ಕಡೆಯ ಜನ ಇದನ್ನು ತಮಾಷೆಗೆ ಅಪಾರ್ಟ್‌ಮೆಂಟು ಎಂದರೂ ತಪ್ಪಿಲ್ಲ: ಐದು ಮನೆ, ಒಂದು ಕಾರಿಡಾರು. ಐದು ಮನೆಯಲ್ಲೂ ಇರುವಾತ ಒಬ್ಬನೇ ಆದ್ದರಿಂದ, ಎಂಟುನೂರು ವರ್ಷ ಆಗುತ್ತ ಬಂದರೂ ಮೇಂಟೆನೆನ್ಸ್ ಬಾಕಿ, ಪಾರ್ಕಿಂಗ್ ಜಗಳ, ಟೆರೇಸು ಯಾರದು ಎಂಬ ತಕರಾರು ಎದ್ದಿಲ್ಲ, ಅಷ್ಟೆ.

ತಕರಾರು ಏಳುವುದು ಗುಡಿಯ ಸುತ್ತ. ಇದು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 1958ರ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇಂಥ ಗುಡಿಯ ಗಡಿಯಿಂದ 100 ಮೀಟರಿನವರೆಗೆ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಇನ್ನು 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲ ವೃತ್ತದೊಳಗೆ ಹೊಸ ಮನೆ ಕಟ್ಟುವಂತಿಲ್ಲ, ಹಳೆಯದನ್ನು ಕೆಡವಿ ಕಟ್ಟುವಂತೆಯೂ ಇಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಮನೆಯಾಗಿದ್ದರೆ ಅನುಮತಿ ತಂದು ದುರಸ್ತಿ ಮಾಡಿಕೊಳ್ಳಬಹುದು. ಎರಡನೆಯ ವೃತ್ತದಲ್ಲಿ ಕೆಡವಬಹುದು, ಕಟ್ಟಬಹುದು. ಆದರೆ ಎಷ್ಟು ಎತ್ತರ, ಹೇಗೆ ಎಂದು ಕೇಳಿಯೇ ಕಟ್ಟಬೇಕು. ಶ್ರೀರಂಗಪಟ್ಟಣದ ಕೋಟೆಯೊಳಗೆ, ಹೊಸಹೊಳಲಿನ ಗುಡಿಯ ಮಗ್ಗುಲಲ್ಲಿ ಮನೆಯಿರುವವರಿಗೆ ಈ ಲೆಕ್ಕ ಬಾಯಿಪಾಠ. ಮಗನ ಮದುವೆಗೆ ಮುಂಚೆ ಮೇಲೊಂದು ಕೋಣೆ ಎತ್ತಬೇಕೆಂದವರು ಮೊದಲು ಹಿಡಿಯುವುದು ಅಳತೆ ಟೇಪನ್ನು.

ಈ ಕಾಯ್ದೆಯ ಸರಿತಪ್ಪು ಇಲ್ಲಿನ ವಿಷಯವಲ್ಲ. ಅದರ ಕಷ್ಟ ಉಂಡವರು ಬೇರೆಯೇ ಇದ್ದಾರೆ. ನನಗೆ ಬೇಕಾದದ್ದು ಆ ಎರಡು ವೃತ್ತಗಳು ಮಾತ್ರ. ಒಳವೃತ್ತದಲ್ಲಿ ಮಾತುಕತೆಗೆ ಎಡೆಯಿಲ್ಲ. ಊರಿನ ಎಲ್ಲರೂ ಒಪ್ಪಿ ಕೈಯೆತ್ತಿದರೂ ಇಲ್ಲ, ಯಾಕೆಂದರೆ ಗುಡಿ ಊರಿನವರೊಬ್ಬರದೇ ಅಲ್ಲ, ಇನ್ನೂ ಹುಟ್ಟದವರದ್ದೂ ಹೌದು. ಹೊರವೃತ್ತದಲ್ಲಿ ಕೂತು ಮಾತಾಡಲೇಬೇಕು. ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳನ್ನು ಕೆಡವಿ ಕಟ್ಟುವ ವ್ಯಾಜ್ಯಗಳು ಕೋರ್ಟಿಗೆ ಬಂದಾಗ ಅವನ್ನು ರಾಜಿ ಸಂಧಾನದಲ್ಲಿ ಬಗೆಹರಿಸಬಹುದೇ ಎಂಬ ಪ್ರಶ್ನೆಗೆ ಬಗೆಹರಿಸಬಹುದು, ಬಗೆಹರಿಸಬೇಕು ಎಂದೇ ನನ್ನ ಉತ್ತರ. ಆದರೆ ಚಾಪೆ ಹಾಸುವ ಮೊದಲು ಈ ಎರಡು ವೃತ್ತಗಳ ಗೆರೆ ಎಳೆದಿರಬೇಕು. ಗೆರೆಯಿಲ್ಲದ ರಾಜಿ ಇಬ್ಬರು ಕೂಡಿಕೊಂಡು ಮೂರನೆಯವನ ಹಿತ್ತಲು ಹಂಚಿಕೊಂಡಂತೆ.

ಗೋವಿಂದನಹಳ್ಳಿಗೂ ಅಪಾರ್ಟ್‌ಮೆಂಟಿಗೂ ಏನು ನಂಟು ಎನ್ನಬೇಡಿ. ಕೆ.ಆರ್. ಪೇಟೆ, ನಾಗಮಂಗಲದ ಜನ ದುಡಿಮೆಗೆಂದು ಬೆಂಗಳೂರಿಗಷ್ಟೇ ಹೋದವರಲ್ಲ, ತಲೆಮಾರುಗಳಿಂದ ಮುಂಬೈಗೂ ಹೋದವರು. 2020ರ ಮೇ ತಿಂಗಳಲ್ಲಿ ಕೊರೊನಾ ಹೊತ್ತಿಗೆ ಮುಂಬೈಯಿಂದ ಊರಿಗೆ ಮರಳಿದವರಿಂದ ಕೆ.ಆರ್. ಪೇಟೆ ತಾಲ್ಲೂಕಿನ ಹೆಸರು ದಿನವೂ ಪತ್ರಿಕೆಯಲ್ಲಿ ಬರುತ್ತಿದ್ದಾಗಲೇ ಎಷ್ಟೋ ಮಂದಿಗೆ ಈ ವಲಸೆಯ ಅಳತೆ ತಿಳಿದದ್ದು. ಆ ಮುಂಬೈಯಲ್ಲಿ ‘ರೀಡೆವಲಪ್‌ಮೆಂಟ್’ ಎನ್ನುವುದು ಹಾಲು, ತರಕಾರಿಯಷ್ಟೇ ದಿನಬಳಕೆಯ ಮಾತು. ಅಲ್ಲಿ ಸಹಕಾರ ಸಂಘದ ಕಟ್ಟಡ ಕೆಡವಿ ಕಟ್ಟಲು ಮೊದಲು ಇನ್ನೂ ದೊಡ್ಡ ಬಹುಮತದ ಒಪ್ಪಿಗೆ ಬೇಕಿತ್ತು. 2019ರ ಜುಲೈನ ಸರ್ಕಾರಿ ಆದೇಶದಿಂದ ಅದು ನೂರಕ್ಕೆ 51 ಸದಸ್ಯರಿಗೆ ಇಳಿಯಿತು. ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಬರೆದವರ ಕಣ್ಣ ಮುಂದೆ ಕಟ್ಟಡ ಏಳುವ ಚಿತ್ರವಿತ್ತು, ಹಳತಾಗುವ ಚಿತ್ರವಿರಲಿಲ್ಲ. ಕಟ್ಟಡವನ್ನು ಆ ಕಾಯ್ದೆಯ ಹಿಡಿತದಿಂದ ಬಿಡಿಸಬೇಕಾದರೆ ಎಲ್ಲ ಮಾಲೀಕರೂ ಬರೆದುಕೊಡಬೇಕು. ಒಬ್ಬರ ಸಹಿ ತಪ್ಪಿದರೂ ಗಾಡಿ ನಿಂತಿತು.

ಹೀಗೊಂದು ಕಟ್ಟಡ ಊಹಿಸಿಕೊಳ್ಳಿ. ಬೆಂಗಳೂರಿನ ಹಳೆ ಬಡಾವಣೆ, ನೆಲಮಹಡಿ ಸೇರಿ ನಾಲ್ಕು ಅಂತಸ್ತು, 24 ಮನೆ, 1985ರ ಸುಮಾರಿನದು. ಕಂಬಗಳ ಕಬ್ಬಿಣ ತುಕ್ಕು ಹಿಡಿದು ಗಾರೆ ಉದುರುತ್ತಿದೆ. ಬಿಲ್ಡರ್ ಒಬ್ಬರು ಬಂದು, ಕೆಡವಿ ಹತ್ತು ಅಂತಸ್ತು ಎತ್ತುತ್ತೇನೆ, ನಿಮಗೆಲ್ಲ ಈಗಿನದಕ್ಕಿಂತ ದೊಡ್ಡ ಮನೆ, ಉಳಿದದ್ದು ನನಗೆ ಎನ್ನುತ್ತಾರೆ. 21 ಮಂದಿ ಸಹಿ ಹಾಕುತ್ತಾರೆ. ಮೂವರು ಹಾಕುವುದಿಲ್ಲ. ಪಕ್ಕದ ಮನೆಯವರು ತಮ್ಮ ಬಿಸಿಲು, ಬಾವಿ ಎರಡೂ ಹೋಯಿತೆಂದು ಪಾಲಿಕೆಗೆ ಅರ್ಜಿ ಕೊಡುತ್ತಾರೆ. ಕೊನೆಗೆ ಎಲ್ಲರೂ ಕೋರ್ಟಿನ ಕಟಕಟೆಯ ಮುಂದೆ.

ಕೋರ್ಟಿಗೆ ಕೇಳಲು ಬರುವ ಪ್ರಶ್ನೆ ಎರಡೇ: ತಡೆಯಾಜ್ಞೆ ಕೊಡಬೇಕೋ ಬೇಡವೋ. ನಕ್ಷೆ ಮಂಜೂರಾದದ್ದು ಸರಿಯೋ ತಪ್ಪೋ. ಆದರೆ ಆ ಕಟ್ಟಡದವರ ನಿಜವಾದ ಪ್ರಶ್ನೆಗಳು ಬೇರೆ. ಕಟ್ಟುವ ಮೂರು ವರ್ಷ ಬಾಡಿಗೆ ಯಾರು ಕೊಡುತ್ತಾರೆ, ನಾಲ್ಕನೇ ವರ್ಷಕ್ಕೆ ಹೋದರೆ? ಮೊಣಕಾಲು ನೋವಿನ ಅಜ್ಜಿಗೆ ನೆಲಮಹಡಿಯ ಬದಲು ಎಂಟನೇ ಮಹಡಿ ಕೊಟ್ಟರೆ, ಕರೆಂಟು ಹೋಗಿ ಲಿಫ್ಟು ನಿಂತ ದಿನ ಆಕೆಯ ಗತಿ? ಬಿಲ್ಡರ್ ಅರ್ಧದಲ್ಲಿ ಕೈಚೆಲ್ಲಿದರೆ ಹಳೆಯ ಮನೆಯೂ ಇಲ್ಲ, ಹೊಸದೂ ಇಲ್ಲ. ಅದಕ್ಕೆ ಬ್ಯಾಂಕಿನ ಖಾತರಿ ಉಂಟೋ? ಎರಡು ಹಂತದಲ್ಲಿ ಕೆಡವಿದರೆ ಅರ್ಧ ಮಂದಿ ಅಲ್ಲೇ ಉಳಿಯಬಹುದಲ್ಲ? ಮೇಲಿನ ಎರಡು ಅಂತಸ್ತನ್ನು ಹಿಂದಕ್ಕೆ ಸರಿಸಿದರೆ ಪಕ್ಕದವರ ಬಿಸಿಲು ಉಳಿಯುತ್ತದಲ್ಲ? ಇವ್ಯಾವುವೂ ಹೌದು–ಅಲ್ಲಗಳ ಪ್ರಶ್ನೆಗಳಲ್ಲ, ಹೇಗೆ ಎಂಬ ಪ್ರಶ್ನೆಗಳು. ತೀರ್ಪಿನ ಕೈಗೆ ಇವು ಸಿಗುವುದಿಲ್ಲ, ಹಿಟ್ಟು ಜರಡಿಯಲ್ಲಿ ಜಾರಿದಂತೆ ಜಾರುತ್ತವೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮವರ ಮಾತು ಜಮೀನಿನ ಖಟ್ಲೆಗೆ ಹುಟ್ಟಿದ್ದಿರಬಹುದು. ಹಳೆ ಕಟ್ಟಡಕ್ಕೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ: ತಡೆಯಾಜ್ಞೆ ಗೆದ್ದವರು ಮಳೆಗಾಲದಲ್ಲಿ ಅದೇ ಬಿರುಕು ಬಿಟ್ಟ ಸೂರಿನ ಕೆಳಗೇ ಮಲಗಬೇಕು.

ರಾಜಿಗೆ ಕಾನೂನಿನಲ್ಲಿ ಜಾಗ ಇಲ್ಲದೆ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು 2002ರ ಜುಲೈನಿಂದ ಜಾರಿಯಲ್ಲಿದೆ. ಕೋರ್ಟು ತನ್ನ ಮುಂದಿರುವ ದಾವೆಯನ್ನು ಮಧ್ಯಸ್ಥಿಕೆಗೆ, ರಾಜಿ ಸಂಧಾನಕ್ಕೆ, ಲೋಕ ಅದಾಲತ್ತಿಗೆ ಕಳಿಸಬಹುದು. ಕರ್ನಾಟಕ 2005ರಲ್ಲಿ ಅದಕ್ಕೆ ನಿಯಮ ಮಾಡಿತು. 2007ರ ಜನವರಿಯಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಗಂಡ–ಹೆಂಡಿರ, ಅಣ್ಣ–ತಮ್ಮಂದಿರ ಎಷ್ಟೋ ವ್ಯಾಜ್ಯಗಳು ಅಲ್ಲಿ ಮೇಜಿನ ಸುತ್ತ ತೀರಿವೆ.

ಮಧ್ಯಸ್ಥಿಕೆ, ರಾಜಿ ಸಂಧಾನ ಎರಡೂ ಒಂದೇ ಎಂದು ವಕೀಲರೂ ಬೆರೆಸಿ ಮಾತಾಡುವುದುಂಟು. 2010ರ ಅಫ್ಕಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿಟ್ಟಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಮಧ್ಯಸ್ಥಿಕೆಗೆ ಕೋರ್ಟು ತಾನಾಗಿಯೇ ಕಳಿಸಬಹುದು. ರಾಜಿ ಸಂಧಾನಕ್ಕೆ ಎಲ್ಲ ಪಕ್ಷಗಾರರ ಒಪ್ಪಿಗೆ ಬೇಕು. ಅದೇ ತೀರ್ಪು ಯಾವ ಬಗೆಯ ವ್ಯಾಜ್ಯ ಕಳಿಸಲು ತಕ್ಕದ್ದು, ಯಾವುದು ತಕ್ಕದ್ದಲ್ಲ ಎಂದು ಪಟ್ಟಿ ಕೊಟ್ಟಿದೆ. ತಕ್ಕವುಗಳಲ್ಲಿ ನೆರೆಹೊರೆಯವರ ಜಗಳವಿದೆ, ಬಿಲ್ಡರ್ ಮತ್ತು ಗಿರಾಕಿಯ ಜಗಳವಿದೆ, ಅಪಾರ್ಟ್‌ಮೆಂಟ್ ಮಾಲೀಕರ ಸಂಘದೊಳಗಿನ ಜಗಳ ಹೆಸರು ಹಿಡಿದೇ ಇದೆ. ತಕ್ಕದ್ದಲ್ಲದ್ದರಲ್ಲಿ ಸಾರ್ವಜನಿಕ ಹಿತ ಅಡಗಿರುವ, ಕೋರ್ಟಿನ ಮುಂದೆ ಬಾರದ ಬಹುಜನರ ಹಿತ ಅಡಗಿರುವ ಪ್ರಾತಿನಿಧಿಕ ದಾವೆಗಳಿವೆ. ನಮ್ಮ 24 ಮನೆಯ ಕಟ್ಟಡವನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ? ಅದು ಎರಡರಲ್ಲೂ ಒಂದೊಂದು ಕಾಲಿಟ್ಟು ನಿಂತಿದೆ. ಬಾಡಿಗೆ, ಮಹಡಿ, ಖಾತರಿ ಇವು ಮೊದಲ ಪಟ್ಟಿಯವು. ರಸ್ತೆಯ ಅಗಲ, ಸೆಟ್‌ಬ್ಯಾಕು, ಅಗ್ನಿಶಾಮಕ ವಾಹನ ತಿರುಗುವ ಜಾಗ, ರಾಜಕಾಲುವೆಯ ಅಂಚು, ಕೊಳವೆಬಾವಿಗೆ ಇಳಿಯಬೇಕಾದ ನೀರು ಇವು ಎರಡನೆಯವು.

ಇಲ್ಲಿ ಕರ್ನಾಟಕದ್ದೇ ಎರಡು ಹಳೆಯ ಪ್ರಕರಣ ನೆನೆಯದೆ ಮುಂದೆ ಹೋಗುವುದು ಸಲ್ಲ. ಉಡುಪಿಯಲ್ಲಿ ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರಕ್ಕೆಂದು ಪರವಾನಗಿ ಪಡೆದ ಕಟ್ಟಡವನ್ನು ಸಿನಿಮಾ ಥಿಯೇಟರ್ ಮಾಡಲು ಪುರಸಭೆ ಒಪ್ಪಿತು. ಜಾಗವೋ, ಯೋಜನೆಯ ಪ್ರಕಾರ ವಾಸದ ವಲಯ. ಕಟ್ಟಡದವರು ಮತ್ತು ಪುರಸಭೆ, ಇಬ್ಬರಿಗೂ ಒಪ್ಪಿಗೆಯಾದ ಮೇಲೆ ಮೂರನೆಯವರದ್ದೇನು? ಅಲ್ಲಿ ವಾಸವಿದ್ದವರೊಬ್ಬರು ಒಪ್ಪಲಿಲ್ಲ. ರಾಮದಾಸ ಶೆಣೈ ಪ್ರಕರಣ ಎಂದೇ ಕಾನೂನು ಪುಸ್ತಕಗಳಲ್ಲಿ ಹೆಸರಾದ ಆ ವ್ಯಾಜ್ಯದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್ ವಾಸಿಗಳ ಪರ ನಿಂತಿತು: ಯೋಜನೆ ಪಾಲಿಸುವುದು ಪುರಸಭೆ ಜನರಿಗೆ ಸಲ್ಲಿಸಬೇಕಾದ ಕರ್ತವ್ಯ, ಕಟ್ಟಲು ಹಣ ಸುರಿದಾಗಿದೆ ಎಂಬುದು ಅಕ್ರಮಕ್ಕೆ ಸಮಜಾಯಿಷಿ ಆಗದು. ಮುಂದೆ 1991ರಲ್ಲಿ ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆ. ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ನಿವಾಸಿಗಳು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣದಲ್ಲಿ ಆ ಮಂಜೂರಾತಿ ಬಿತ್ತು, ಪಾರ್ಕು ಉಳಿಯಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ವಾದ ಬಲವಾದದ್ದೇ. ಆದರೆ ಆ ಹಸಿರು ಕೊಡುವವರದ್ದೂ ಅಲ್ಲ, ಪಡೆಯುವವರದ್ದೂ ಅಲ್ಲ.

ಈ ಎರಡು ವ್ಯಾಜ್ಯಗಳು ಅಂದು ರಾಜಿ ಸಂಧಾನಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಥಿಯೇಟರಿಗೆ ಸಂಜೆಯ ಎರಡು ಆಟ, ದೂರು ಕೊಟ್ಟವರಿಗೆ ಒಂದಿಷ್ಟು ಪರಿಹಾರ. ನರ್ಸಿಂಗ್ ಹೋಮಿನ ಮುಂದೆ ಪುಟ್ಟ ತೋಟ, ಬಡಾವಣೆಯವರಿಗೆ ಹೊರರೋಗಿ ಚೀಟಿಯಲ್ಲಿ ರಿಯಾಯಿತಿ. ಎಲ್ಲರೂ ಕೈಕುಲುಕಿ ಎದ್ದು ಹೋಗುತ್ತಿದ್ದರು. ಹೊರಗಿನಿಂದ ನೋಡಿದರೆ ಸೊಗಸಾದ ರಾಜಿ. ಒಳಗೆ ಇದ್ದದ್ದು ಯೋಜನೆಯ ಮಾರಾಟ. ರಾಜಿಯ ಬಗ್ಗೆ ನನಗಿರುವ ಭಯ ಇದೊಂದೇ ಅಲ್ಲ. ಆದರೆ ಇದು ದೊಡ್ಡದು. ರಾಜಿ ಡಿಕ್ರಿಗೆ ಒಪ್ಪಂದ ‘ಕಾನೂನುಬದ್ಧ’ವಾಗಿರಬೇಕು ಎಂದು ಸಂಹಿತೆಯ 23ನೇ ಆದೇಶ ಹೇಳುತ್ತದೆ, 2023ರ ಮಧ್ಯಸ್ಥಿಕೆ ಕಾಯ್ದೆಯ ಪರಿಶಿಷ್ಟದಲ್ಲಿ ಮೂರನೆಯವರ ಹಕ್ಕಿಗೆ ತಾಕುವ ವ್ಯಾಜ್ಯಗಳನ್ನು ಹೊರಗಿಟ್ಟೂ ಇದೆ. ಬರೆದಿರುವುದು ಸರಿಯಾಗಿಯೇ ಇದೆ. ಆದರೆ ಇಬ್ಬರೂ ಒಪ್ಪಿ ಸಹಿ ಮಾಡಿ ತಂದ ಕಾಗದವನ್ನು, ರಾಶಿ ಕಡತಗಳ ನಡುವೆ ಕೂತ ನ್ಯಾಯಾಧೀಶರು, ‘ಇದರಲ್ಲಿ ಸೆಟ್‌ಬ್ಯಾಕು ಅರ್ಧ ಮೀಟರ್ ಕಡಿಮೆಯಿದೆ’ ಎಂದು ಹಿಡಿದು ಕೇಳುವುದು ಯಾವಾಗ? ಕೇಳಿಸುವ ವಕೀಲರೇ ಆ ಕೋಣೆಯಲ್ಲಿ ಇರುವುದಿಲ್ಲ.

ಇದಕ್ಕೆ ಒಂದು ದಾರಿ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಾಣುತ್ತದೆ. ಅಲ್ಲಿ 1980ರಿಂದ ಭೂಮಿ ಮತ್ತು ಪರಿಸರಕ್ಕೆಂದೇ ಒಂದು ನ್ಯಾಯಾಲಯವಿದೆ. ಸ್ಥಳೀಯ ಸಂಸ್ಥೆ ನಕ್ಷೆ ತಿರಸ್ಕರಿಸಿದರೆ ಅಪಾರ್ಟ್‌ಮೆಂಟ್ ಕಟ್ಟಲು ಹೊರಟವರು ಅಲ್ಲಿಗೆ ಹೋಗುತ್ತಾರೆ. ನ್ಯಾಯಾಲಯ ಆ ವ್ಯಾಜ್ಯವನ್ನು ತನ್ನ ಕಾಯ್ದೆಯ 34ನೇ ಕಲಮಿನಡಿ ರಾಜಿ ಸಭೆಗೆ ಕಳಿಸಬಹುದು. ನಡೆಸುವವರು ಕಮಿಷನರುಗಳು, ಅವರಲ್ಲಿ ವಕೀಲರಷ್ಟೇ ಅಲ್ಲ, ನಗರ ಯೋಜಕರು, ವಾಸ್ತುಶಿಲ್ಪಿಗಳು, ಎಂಜಿನಿಯರುಗಳೂ ಇದ್ದಾರೆ. ಸಭೆ ಸಾಮಾನ್ಯವಾಗಿ ಶುರುವಾಗುವುದು ಕೋಣೆಯಲ್ಲಲ್ಲ, ಕಟ್ಟಡ ಏಳಬೇಕಾದ ಜಾಗದಲ್ಲಿ. ಅಕ್ಕಪಕ್ಕದವರು ವ್ಯಾಜ್ಯದ ಪಕ್ಷಗಾರರಲ್ಲದಿದ್ದರೂ ಬಂದು, ನಿಂತು, ತಮ್ಮ ಕಿಟಕಿ ತೋರಿಸಿ ಮಾತಾಡುತ್ತಾರೆ. ಆಮೇಲೆ ಎರಡು ಕಡೆಯವರು ಕೂತು ಒಂದು ಅಂತಸ್ತು ಇಳಿಸಿ, ಬಾಲ್ಕನಿ ತಿರುಗಿಸಿ, ಮರ ಉಳಿಸಿ ಒಪ್ಪಂದಕ್ಕೆ ಬಂದರೂ ಕಮಿಷನರ್ ಸುಮ್ಮನೆ ಮುದ್ರೆ ಒತ್ತುವಂತಿಲ್ಲ. ಈ ಒಪ್ಪಂದದಂಥ ತೀರ್ಮಾನವನ್ನು ನ್ಯಾಯಾಲಯವೇ ತನ್ನ ಅಧಿಕಾರದೊಳಗೆ ನಿಂತು ಕೊಡಬಹುದಿತ್ತೇ ಎಂದು ಮೊದಲು ನೋಡಬೇಕು. ಕೊಡಬಹುದಿತ್ತು ಎಂದಾದರೆ ಮಾತ್ರ ಅದು ತೀರ್ಪಾಗುತ್ತದೆ, ಕಾರಣ ಸಮೇತ ಪ್ರಕಟವಾಗುತ್ತದೆ. ಒಳಗೆ ಆಡಿದ ಮಾತು ಗುಟ್ಟಾಗಿರುತ್ತದೆ. ಹೊರಬಂದ ತೀರ್ಮಾನ ಗುಟ್ಟಲ್ಲ.

ಅಲ್ಲಿಯ ಪದ್ಧತಿಯಲ್ಲಿ ಹುಳುಕಿಲ್ಲ ಎಂದಲ್ಲ. ನೆರೆಯವರ ಮಾತು ಕೇಳುತ್ತಾರೆ, ಆದರೆ ಒಪ್ಪಂದಕ್ಕೆ ಅವರ ಸಹಿ ಬೇಕಿಲ್ಲ. ಕೇಳಿದ್ದೇವೆ ಎಂಬ ಶಾಸ್ತ್ರಕ್ಕೆ ಅದು ಇಳಿಯಬಹುದು. ಆದರೂ ಆ ಒಂದು ಕಲಮು ನನಗೆ ಮೆಚ್ಚುಗೆ, ಏಕೆಂದರೆ ಅದು ಗೋವಿಂದನಹಳ್ಳಿಯ ಎರಡು ವೃತ್ತಗಳನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ. ಕಾನೂನಿನ ಒಳವೃತ್ತಕ್ಕೆ ಕೈ ಹಾಕದೆ ಹೊರವೃತ್ತದಲ್ಲಿ ಎಷ್ಟಾದರೂ ಮಾತಾಡಿ. ಮೂಲೆಯಲ್ಲಿ ಮಾತ್ರ ಒಬ್ಬರು ಟೇಪು ಹಿಡಿದು ನಿಂತಿರುತ್ತಾರೆ.

ನಮ್ಮಲ್ಲಿ ಇದನ್ನು ಮಾಡಲು ಹೊಸ ನ್ಯಾಯಾಲಯ ಕಟ್ಟಬೇಕಿಲ್ಲ. ಸ್ಥಳ ಪರಿಶೀಲನೆಗೆ ಕೋರ್ಟ್ ಕಮಿಷನರನ್ನು ಕಳಿಸುವುದು ನಮ್ಮ ಜಮೀನು ಖಟ್ಲೆಗಳಲ್ಲಿ ಎಂದಿನಿಂದಲೂ ಇದೆ; ಒತ್ತುವರಿ ಬದುವಿನ ಮೇಲೆ ನಿಂತು ಸರ್ವೆಯವರು ಸರಪಣಿ ಎಳೆಸಿದ್ದನ್ನು ನೋಡದ ರೈತನಿಲ್ಲ. ಭೂಬಳಕೆ ಬದಲಾಯಿಸುವಾಗ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇದೆ. ಅಂದರೆ ಹೊರಗಿನವರಿಗೂ ಬಾಯಿದೆ ಎಂಬುದನ್ನು ನಮ್ಮ ಕಾನೂನು ಒಪ್ಪಿಯಾಗಿದೆ. ಬೇಕಾದದ್ದು ಮಧ್ಯಸ್ಥಗಾರರ ಪಕ್ಕದಲ್ಲಿ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ಒಬ್ಬ ನಗರ ಯೋಜಕ. ಮೊದಲ ಬೈಠಕ್ ಆ ಕಟ್ಟಡದ ಮೆಟ್ಟಿಲ ಮೇಲೆ. ಒಪ್ಪಂದವನ್ನು ಡಿಕ್ರಿ ಮಾಡುವ ಮೊದಲು ಕಟ್ಟಡದ ಗೇಟಿನಲ್ಲೂ ಪಾಲಿಕೆಯ ಫಲಕದಲ್ಲೂ ಇಷ್ಟು ದಿನ ಎಂದು ಅಂಟಿಸುವುದು. ಇದರಿಂದ ತಡವಾಗುತ್ತದೆ ಎನ್ನುವವರಿದ್ದಾರೆ. ತಡವಾಗಲಿ. ಮೂವತ್ತು ದಿನ ಉಳಿಸಲು ಹೋಗಿ ಮೂರು ರಿಟ್ ಅರ್ಜಿ ಹುಟ್ಟಿಸಿಕೊಂಡವರನ್ನು ಕಂಡಿದ್ದೇವೆ.

ಇನ್ನೊಂದು ವಾದವಿದೆ, ಬೆಂಗಳೂರಿನ ಬಿಲ್ಡರುಗಳದ್ದು, ಹಲವು ಫ್ಲಾಟು ಮಾಲೀಕರದ್ದೂ ಹೌದು: ರಾಜಿಗೀಜಿ ಎಲ್ಲ ಬೇಡ, ಬಹುಮತದ ಕಾನೂನು ತನ್ನಿ, ಮೂರರಲ್ಲಿ ಎರಡು ಪಾಲು ಒಪ್ಪಿದರೆ ಉಳಿದವರು ಒಪ್ಪಿದಂತೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಒಬ್ಬರ ಹಟಕ್ಕೆ 23 ಮನೆಯವರು ಕುಸಿಯುವ ಸೂರಿನಡಿ ಇರುವುದು ನ್ಯಾಯವಲ್ಲ. ಸಹಿಗೆ ಬೆಲೆ ಕಟ್ಟಲೆಂದೇ ಸಹಿ ಹಿಡಿದಿಡುವವರೂ ಇದ್ದಾರೆ. ಆದರೆ ಬಹುಮತದ ನಿಯಮ ಯಾರು ಗೆದ್ದರು ಎಂದು ಹೇಳುತ್ತದೆಯೇ ಹೊರತು ಅಜ್ಜಿ ಯಾವ ಮಹಡಿಗೆ ಎಂದು ಹೇಳುವುದಿಲ್ಲ. ಸಿಂಗಪುರ 1999ರಲ್ಲೇ ಹತ್ತು ವರ್ಷ ದಾಟಿದ ಕಟ್ಟಡಗಳಿಗೆ ಶೇ. 80ರ ಬಹುಮತ ಸಾಕೆಂದು ಕಾನೂನು ಮಾಡಿತು. ಅಲ್ಲೂ ಒಪ್ಪದವರು ಆಕ್ಷೇಪ ಸಲ್ಲಿಸಿದರೆ ವಿಷಯ ಮೊದಲು ಹೋಗುವುದು ಮಧ್ಯಸ್ಥಿಕೆಗೆ, ಅದು ಮುರಿದುಬಿದ್ದರೆ ಆಮೇಲೆ ಹೈಕೋರ್ಟಿಗೆ. ಬಹುಮತ ಬಂದ ಮೇಲೆ ರಾಜಿಯ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ.

ಈಗ ನನಗೆ ಕಷ್ಟವಾದ ಮಾತಿಗೆ ಬರುತ್ತೇನೆ. ರಾಜಿ ಎಂದೊಡನೆ ನಮ್ಮವರು ಅರಳಿಕಟ್ಟೆಯನ್ನು ನೆನೆದು ಕಣ್ಣು ತುಂಬಿಕೊಳ್ಳುತ್ತಾರೆ. ‘ಕೂತ್ಕಂಡು ಮಾತಾಡಣ ಬನ್ರಣ್ಣ’ ಎಂದು ಕರೆದು, ಸಂಜೆಯೊಳಗೆ ಬದುವಿನ ಜಗಳ ಬಗೆಹರಿಸಿ, ವೀಳ್ಯ ಕೊಟ್ಟು ಕಳಿಸುತ್ತಿದ್ದ ಹಿರಿಯರು. ಅದು ಸುಳ್ಳಲ್ಲ. ಕಟ್ಟೆಯ ಮೇಲೆ ಕೂರುತ್ತಿದ್ದವರು ಯಾರು, ಕೆಳಗೆ ನಿಲ್ಲುತ್ತಿದ್ದವರು ಯಾರು ಎಂಬುದೂ ಸುಳ್ಳಲ್ಲ. ದಲಿತ ಕೇರಿಯವನು ಕೈಕಟ್ಟಿ ದೂರದಲ್ಲಿ ನಿಂತು ‘ನೀವೇಳ್ದಂಗೆ ಬುದ್ಧಿ’ ಎಂದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡರು. ಹೆಂಗಸು ಪಂಚಾಯ್ತಿಗೆ ಬಂದರೆ ತಲೆಬಾಗಿಲ ಹಿಂದೆ. ತಪ್ಪುಕಾಣಿಕೆ ಕಟ್ಟುವವರು ಯಾವಾಗಲೂ ಒಂದೇ ಕಡೆಯವರು. ಕೋರ್ಟು ಬಂದು ಆ ಕಟ್ಟೆ ಒಡೆಯಿತು ಎಂದು ಕೆಲವರು ಕೊರಗಿದರೆ, ಕೋರ್ಟಿನ ಮೆಟ್ಟಿಲ ಮೇಲೆ ಮೊದಲ ಸಲ ಚಪ್ಪಲಿ ಮೆಟ್ಟಿಕೊಂಡು ನಡೆದವರೂ ಇದ್ದಾರೆ. ರಾಜಿಯೆಂಬುದು ಸಮಬಲರ ನಡುವೆ ಸೌಜನ್ಯ, ಅಸಮರ ನಡುವೆ ಒತ್ತಡ. ಬಿಲ್ಡರ್ ಐದು ವರ್ಷ ಕಾಯಬಲ್ಲರು. ಬಾಡಿಗೆ ಮನೆಗೆ ಹೋದ ನಿವೃತ್ತ ಗುಮಾಸ್ತರು ಐದು ತಿಂಗಳು ಕಾಯಲಾರರು. ಮಧ್ಯಸ್ಥರು ನಗುಮುಖದವರು ಎಂದ ಮಾತ್ರಕ್ಕೆ ಈ ಅಂತರ ಕರಗುವುದಿಲ್ಲ. ಅದಕ್ಕೇ ಕಾನೂನಿನ ಒಳವೃತ್ತ ದುರ್ಬಲನ ಗೋಡೆ. ಅದನ್ನು ಮಾತುಕತೆಗೆ ಇಡಬೇಡಿ ಎನ್ನುವುದು.

ಕೋರಮಂಗಲಕ್ಕೆ ಅಂಟಿಕೊಂಡಿರುವ ಈಜಿಪುರದ ಕಥೆಯನ್ನು ಇಷ್ಟು ಹೊತ್ತು ತಡೆದಿಟ್ಟದ್ದು ಇದೇ ಕಾರಣಕ್ಕೆ. ಆರ್ಥಿಕವಾಗಿ ಹಿಂದುಳಿದವರಿಗೆಂದು 1990ರ ದಶಕದ ಆರಂಭದಲ್ಲಿ ಅಲ್ಲಿ 42 ಬ್ಲಾಕುಗಳಲ್ಲಿ 1,512 ಮನೆಗಳು ಎದ್ದವು. ಎಲ್ಲವೂ ಚಿಕ್ಕ ಮನೆಗಳು. ಹತ್ತು ಹದಿನೈದು ವರ್ಷದಲ್ಲೇ ಕಟ್ಟಡಗಳು ಬಿರಿದವು, ಕೆಲವು ಕುಸಿದವು, ಉಳಿದವನ್ನು ಕೆಡವಿದರು. ಮನೆ ಕಳೆದುಕೊಂಡವರು ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದರು. ಪಾಲಿಕೆ ಖಾಸಗಿ ಸಹಭಾಗಿತ್ವದಲ್ಲಿ ಮರುನಿರ್ಮಾಣ ಹೂಡಿತು: ಜಾಗದ ಒಂದು ಪಾಲಿನಲ್ಲಿ ಮೂಲ ಫಲಾನುಭವಿಗಳಿಗೆ ಹೊಸ ಮನೆ, ಇನ್ನೊಂದು ಪಾಲಿನಲ್ಲಿ ವಾಣಿಜ್ಯ ಸಂಕೀರ್ಣ. ವ್ಯಾಜ್ಯ ಹೈಕೋರ್ಟಿನವರೆಗೂ ಹೋಯಿತು. 2013ರ ಜನವರಿಯಲ್ಲಿ ಬುಲ್ಡೋಜರುಗಳು ಬಂದು ಕೆಲವೇ ದಿನಗಳಲ್ಲಿ ಶೆಡ್ಡುಗಳನ್ನು ನೆಲಸಮ ಮಾಡಿದವು. ಸಾವಿರಾರು ಜನ ಬೀದಿಗೆ ಬಿದ್ದರು.

ಪಾಲಿಕೆಯ ವಾದ ಸರಳ: ಶೆಡ್ಡುಗಳಲ್ಲಿ ಇರುವವರಲ್ಲಿ ಬಹಳ ಮಂದಿ ಮೂಲ ಹಂಚಿಕೆದಾರರಲ್ಲ, ಬಾಡಿಗೆಗೆ ಬಂದವರು, ಕೈಬದಲಾಗಿ ಕೊಂಡವರು. ಕಾಗದ ನೋಡಿದರೆ ಅದು ನಿಜವೇ. ಆದರೆ ಕಾಗದದಲ್ಲಿ ಇದ್ದವರು ಆ ಹೊತ್ತಿಗೆ ಬೇರೆಲ್ಲೋ ಇದ್ದರು, ಆ ನೆಲದ ಮೇಲೆ ಅಡುಗೆ ಮಾಡುತ್ತಿದ್ದವರು ಕಾಗದದಲ್ಲಿ ಇರಲಿಲ್ಲ. ತೀರ್ಪಿನ ಭಾಷೆಗೆ ಗೊತ್ತಿರುವುದು ಹಕ್ಕುದಾರ, ಅತಿಕ್ರಮಿ ಎಂಬ ಎರಡೇ ಪದ. ಹತ್ತು ವರ್ಷ ಬಾಡಿಗೆ ಕಟ್ಟಿ, ಅಲ್ಲೇ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿ, ಪಕ್ಕದ ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆದ ಹೆಂಗಸಿಗೆ ಆ ಭಾಷೆಯಲ್ಲಿ ಹೆಸರಿಲ್ಲ. ಆಕೆಗೆ ಮನೆ ಕೊಡಲೇಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಮೂಲ ಹಂಚಿಕೆದಾರರೂ ಬಡವರೇ, ಅವರ ಪಾಲನ್ನು ಇನ್ನೊಬ್ಬರಿಗೆ ದಾನ ಮಾಡುವ ಅಧಿಕಾರ ಯಾವ ಮಧ್ಯಸ್ಥರಿಗೂ ಇಲ್ಲ. ಅದು ಒಳವೃತ್ತ. ಆದರೆ ತೆರವು ಶಾಲೆಯ ಪರೀಕ್ಷೆ ಮುಗಿದ ಮೇಲೆ ಆಗಬಹುದಿತ್ತೇ, ಇನ್ನೊಂದು ಜಾಗ ತೋರಿಸಿ ಆಗಬಹುದಿತ್ತೇ, ಕಟ್ಟಡದ ಕೆಲಸ ಒಂದು ಮೂಲೆಯಿಂದ ಶುರುಮಾಡಿ ಉಳಿದ ಮೂಲೆಯಲ್ಲಿ ಅವರಿಗೆ ಗಡುವು ಕೊಡಬಹುದಿತ್ತೇ — ಇವೆಲ್ಲ ಹೊರವೃತ್ತದವು. ಪಕ್ಕಾ ಮಾತುಕತೆಗೆ ಬರುವಂಥವು.

ರಾಜಿ ಸಂಧಾನದ ಮೊದಲ ಕೆಲಸ ಹೊಂದಾಣಿಕೆಯಲ್ಲ, ಹಾಜರಿ ಕರೆಯುವುದು. ಕರೆಯುವುದು ವಕಾಲತ್ತು ಹಾಕಿದವರನ್ನಷ್ಟೇ ಆಗಿದ್ದರೆ ಅದು ತೀರ್ಪಿಗಿಂತ ಅಗ್ಗದ ತೀರ್ಪು, ಬೇರೇನೂ ಅಲ್ಲ. ಆ ನೆಲದ ಮೇಲೆ, ಆ ಮೆಟ್ಟಿಲಲ್ಲಿ, ಆ ಗೋಡೆಯ ನೆರಳಿನಲ್ಲಿ ಯಾರು ಯಾರು ಬದುಕುತ್ತಿದ್ದಾರೋ ಅಷ್ಟೂ ಮಂದಿಯ ಪಟ್ಟಿ ಮಾಡಿ, ಇವರಿಗೆ ಹಕ್ಕಿದೆ, ಇವರಿಗೆ ಹಕ್ಕಿಲ್ಲ ಆದರೆ ಕಷ್ಟವಿದೆ ಎಂದು ಬರೆದಿಟ್ಟು, ಇಬ್ಬರನ್ನೂ ಕೇಳಬೇಕು. ಹಕ್ಕಿಲ್ಲದವರ ಒಪ್ಪಿಗೆ ಒಪ್ಪಂದಕ್ಕೆ ಬೇಡ. ಕೇಳಿಸಿಕೊಂಡದ್ದಕ್ಕೆ ಲಿಖಿತ ಉತ್ತರ ಬೇಕು. 24 ಮನೆಯ ಕಟ್ಟಡದಲ್ಲಿ ಇಂಥವರೆಂದರೆ ಬಾಡಿಗೆಯವರು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಂಸಾರ ಹೂಡಿರುವ ವಾಚ್‌ಮನ್, ಗೇಟಿನ ಮುಂದೆ ಇಸ್ತ್ರಿ ಗಾಡಿಯವನು.

ಇಂಥವರಿಗೆ ನೋಟಿಸು ಜಾರಿ ಮಾಡುವುದು ಹೇಗೆ ಎಂದು ಕೋರ್ಟಿನ ಅಮೀನರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ, ವಿಳಾಸವಿಲ್ಲದವರಿಗೆ ಲಕೋಟೆ ತಲುಪುವುದಿಲ್ಲ. ಈಜಿಪುರದಲ್ಲಿ ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಎಲ್ಲೂ ಹೋಗಲಿಲ್ಲ. ಆ ಜಾಗದ ಕಾಂಪೌಂಡಿನ ಹೊರಗೆ, ಫುಟ್‌ಪಾತಿನ ಮೇಲೆ, ಟಾರ್ಪಾಲು ಕಟ್ಟಿಕೊಂಡು ಉಳಿದವು. ನೋಟಿಸನ್ನು ಆ ಗೋಡೆಗೆ ಅಂಟಿಸಿದ್ದರೆ ಸಾಕಿತ್ತು, ಅದಕ್ಕೇ ಬೆನ್ನು ಕೊಟ್ಟು ಕೂತಿದ್ದರು.